ಪಕ್ಕದ ಮನೆ ನೋಡಿ ಬಣ್ಣ ಬದಲಿಸುವ ಚಿತ್ರ

ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತರೆ ಕೆಳಗಿನ ಗದ್ದೆ ಬಯಲು ಚೌಕ ಚೌಕವಾಗಿ ಹರಡಿಕೊಂಡಿರುತ್ತದೆ. ನಾಟಿಗೆ ಮುಂಚೆ ನೀರು ಕಟ್ಟುವ ದಿನಗಳಲ್ಲಿ ನೋಡಬೇಕು. ಒಂದು ಗದ್ದೆ ನೀರು ತುಂಬಿ ಹೊಳೆಯುತ್ತಿದ್ದರೆ ಪಕ್ಕದ್ದು ಇನ್ನೂ ಒಣ ಹೆಂಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹೊಳಪು ಆಚೆ ಗದ್ದೆಗೆ ದಾಟಿರುತ್ತದೆ. ಬದುವಿನ ಮೇಲೆ ಗುದ್ದಲಿ ಊರಿ ನಿಂತಿದ್ದ ಹಿರಿಯರೊಬ್ಬರನ್ನು 'ನಿಮ್ಮದಕ್ಕೆ ಯಾವಾಗ ನೀರು ಬರುತ್ತೆ ಗೌಡರೇ?' ಎಂದು ಕೇಳಿದೆ. 'ಮ್ಯಾಲಿನ ಗದ್ದೆಯವ್ನು ಬದ ಕಡುದು ಬುಟ್ರೆ ನಮ್ಗೂ ಬತ್ತದೆ ಕಣಪ್ಪ. ಅವ್ನು ಕಟ್ಟುದ್ರೆ ನಾವೂ ಕಾಯ್ಬೇಕು. ಅಷ್ಟೆಯ' ಎಂದರು.

ಆ 'ಅಷ್ಟೆಯ' ಅನ್ನುವ ಮಾತಿನಲ್ಲಿ ಒಂದು ಗಣಿತ ಶಾಖೆಯೇ ಅಡಗಿದೆ. ಯಾವ ಗದ್ದೆಗೂ ಇಡೀ ಬಯಲು ಗೊತ್ತಿಲ್ಲ. ಪಕ್ಕದ್ದು ತುಂಬಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತು, ಅದನ್ನು ನೋಡಿಕೊಂಡು ತಾನು ತುಂಬುತ್ತದೆ ಅಥವಾ ಕಾಯುತ್ತದೆ. ಭತ್ತದ ಬೆಂಕಿ ರೋಗ ಬಯಲಿಗೆ ಬಿದ್ದಾಗಲೂ ಹೆಚ್ಚುಕಡಿಮೆ ಅಷ್ಟೆ, ಗದ್ದೆಯಿಂದ ಗದ್ದೆಗೆ ಬಹುಮಟ್ಟಿಗೆ ನೆರೆಯ ದಾರಿಯಲ್ಲಿ ಹರಡುತ್ತದೆ. ಚೌಕಗಳ ಒಂದು ಹಾಸು, ಪ್ರತಿ ಚೌಕಕ್ಕೂ ಒಂದು ಸ್ಥಿತಿ, ನೆರೆಯವರನ್ನು ನೋಡಿ ಮುಂದಿನ ಸ್ಥಿತಿ ತೀರ್ಮಾನಿಸುವ ಒಂದೇ ನಿಯಮ. ಇದಕ್ಕೆ ಗಣಿತದವರು ಇಟ್ಟ ಹೆಸರು ಸೆಲ್ಯುಲಾರ್ ಆಟೊಮ್ಯಾಟ. ಕನ್ನಡದಲ್ಲಿ ಕೋಶ ಸ್ವಯಂಚಾಲಿ ಎಂದು ಬರೆಯುವವರಿದ್ದಾರೆ. ಚೌಕಾಬಾರದಲ್ಲಿ, ಚದುರಂಗದಲ್ಲಿ ನಾವು ಚೌಕವನ್ನು 'ಮನೆ' ಅನ್ನುತ್ತೇವೆ. ಈ ಲೇಖನಕ್ಕೆ ಆ ಮಾತೇ ಸಾಕು.

ಮನೆಗಳ ಈ ಆಟದಿಂದ ಫೋಟೋ ಒಂದನ್ನು ಬೀಗ ಹಾಕಿ ಇಡಬಹುದು ಎಂಬುದು ನನ್ನ ವಿಷಯ. ನನಗೆ ಇದರ ಮೇಲೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ಎರಡು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನ ತಲೆಯ ಸ್ಕ್ಯಾನ್ ಚಿತ್ರಗಳನ್ನು ಸ್ಕ್ಯಾನಿಂಗ್ ಸೆಂಟರೊಂದರವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಒಂದು ಅಂಕಿ ತಪ್ಪಿ ಒತ್ತಿದರು. ಯಾರೋ ಅಪರಿಚಿತರ ಮೊಬೈಲಿಗೆ ಚಿಕ್ಕಮ್ಮನ ಹೆಸರು, ವಯಸ್ಸು, ಮಿದುಳಿನ ಗೆಡ್ಡೆ ಎಲ್ಲವೂ ಹೋಗಿ ಕೂತವು. ಆ ಪುಣ್ಯಾತ್ಮರು ಒಳ್ಳೆಯವರು, ವಿಚಾರಿಸಿ ಅಳಿಸಿದರು. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಎರಡು ತುದಿಯ ನಡುವೆ ಪೂರ್ತಿ ಗೂಢಲಿಪೀಕರಣ ಇದೆ, ದಾರಿಯಲ್ಲಿ ಯಾರೂ ಕದಿಯಲಾರರು. ಆದರೆ ತಪ್ಪಾದ ಮನೆಯ ಬಾಗಿಲು ತಟ್ಟಿದರೆ ಆ ಬೀಗ ಅಲ್ಲೇ ತೆರೆದುಕೊಳ್ಳುತ್ತದೆ. ಚಿತ್ರಕ್ಕೇ ಬೀಗ ಹಾಕಿ, ಕೀಲಿಯನ್ನು ಬೇರೆ ದಾರಿಯಲ್ಲಿ ಕಳಿಸಿದ್ದರೆ ಆ ದಿನ ನಮಗೆ ನಿದ್ದೆ ಬರುತ್ತಿತ್ತು.

ಚಿತ್ರವೆಂದರೆ ಕಂಪ್ಯೂಟರಿಗೆ ಮನೆಗಳ ಹಾಸು. 256 ಸಾಲು, 256 ಕಂಬಸಾಲು ಇರುವ ಒಂದು ಕಪ್ಪುಬಿಳುಪು ಚಿತ್ರದಲ್ಲಿ 65,536 ಮನೆಗಳು. ಪ್ರತಿ ಮನೆಯಲ್ಲೂ 0ಯಿಂದ 255ರವರೆಗಿನ ಒಂದು ಸಂಖ್ಯೆ, 0 ಎಂದರೆ ಕಡುಕಪ್ಪು, 255 ಎಂದರೆ ಶುದ್ಧ ಬಿಳುಪು. ಆ ಸಂಖ್ಯೆಯನ್ನು ಸೊನ್ನೆ ಒಂದುಗಳಲ್ಲಿ ಬರೆದರೆ 8 ಬಿಟ್. ಪತ್ರದ ಅಕ್ಷರಗಳಿಗೂ ಚಿತ್ರದ ಈ ಮನೆಗಳಿಗೂ, ಅಂದರೆ ಪಿಕ್ಸೆಲ್ಲುಗಳಿಗೂ, ಒಂದು ದೊಡ್ಡ ವ್ಯತ್ಯಾಸವಿದೆ. ಚಿತ್ರದಲ್ಲಿ ನೆರೆಯವರು ಹೆಚ್ಚುಕಡಿಮೆ ಒಂದೇ ಬಣ್ಣದವರು. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಮೇಲಿನ ಆಕಾಶದ ಫೋಟೋ ತೆಗೆದರೆ ಸಾವಿರಾರು ಪಿಕ್ಸೆಲ್ ಒಂದೇ ನೀಲಿ. ಇಲ್ಲೇ ತೊಂದರೆ ಹುಟ್ಟುವುದು. 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಗಟ್ಟಿಯಾದ ಬೀಗ, ಇವತ್ತು ಬ್ಯಾಂಕು, ಮೊಬೈಲು ಎಲ್ಲ ಅದನ್ನೇ ನಂಬಿವೆ. ಅದನ್ನೂ ತಿಳಿಯದೆ ಬಳಸಿ, ಚಿತ್ರವನ್ನು 16 ಬೈಟುಗಳ ತುಂಡು ಮಾಡಿ ಒಂದೊಂದನ್ನೂ ಬೇರೆಬೇರೆಯಾಗಿ ಬೀಗ ಹಾಕಿದರೆ, ಒಂದೇ ತರದ ತುಂಡು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದೇ ತರದ ಗೂಢ ತುಂಡು ಬರುತ್ತದೆ. ಬಣ್ಣ ಹೋಯಿತು, ಗುಡಿಯ ಆಕಾರ ಹಾಗೆಯೇ ಉಳಿಯಿತು. ಲಿನಕ್ಸ್‌ನ ಪೆಂಗ್ವಿನ್ ಚಿತ್ರವನ್ನು ಹೀಗೆ ಬೀಗ ಹಾಕಿ, ಆದರೂ ಪೆಂಗ್ವಿನ್ ಎದ್ದು ಕಾಣುವುದನ್ನು ಕಂಪ್ಯೂಟರ್ ಓದುವ ಮಕ್ಕಳಿಗೆಲ್ಲ ತೋರಿಸುತ್ತಾರೆ.

ಆದ್ದರಿಂದ ಚಿತ್ರಕ್ಕೆ ಎರಡು ಕೆಲಸ ಆಗಬೇಕು: ಪಿಕ್ಸೆಲ್ಲಿನ ಬೆಲೆ ಬದಲಾಗಬೇಕು, ಒಂದರ ಬದಲಾವಣೆ ಎಲ್ಲಕ್ಕೂ ಹರಡಬೇಕು. ಕ್ಲಾಡ್ ಶಾನನ್ 1949ರಲ್ಲೇ ಇದನ್ನು ಹೇಳಿಟ್ಟಿದ್ದ. ನೆರೆಯಿಂದ ನೆರೆಗೆ ಹರಡುವುದೇ ಮನೆಗಳ ಆಟದ ಸ್ವಭಾವವಾದ್ದರಿಂದ ಸಂಶೋಧಕರ ಕಣ್ಣು ಅದರ ಮೇಲೆ ಬಿದ್ದದ್ದು ಸಹಜ.

ಈ ಆಟವನ್ನು 1940ರ ದಶಕದಲ್ಲಿ ಮೊದಲು ಕಲ್ಪಿಸಿದವರು ಜಾನ್ ವಾನ್ ನಾಯ್ಮನ್ ಮತ್ತು ಸ್ಟಾನಿಸ್ಲಾವ್ ಉಲಾಮ್. ತನ್ನನ್ನೇ ತಾನು ಹೆರುವ ಯಂತ್ರ ಸಾಧ್ಯವೇ ಎಂಬುದು ವಾನ್ ನಾಯ್ಮನ್‌ನ ಪ್ರಶ್ನೆ. 1970ರಲ್ಲಿ ಜಾನ್ ಕಾನ್ವೇಯ 'ಲೈಫ್' ಆಟ ಲೋಕಪ್ರಿಯವಾಯಿತು. 1983ರಲ್ಲಿ ಸ್ಟೀಫನ್ ವೂಲ್‌ಫ್ರಮ್ ಎಲ್ಲವನ್ನೂ ತೀರಾ ಸರಳ ಮಾಡಿಬಿಟ್ಟ. ಮನೆಗಳು ಒಂದೇ ಸಾಲಿನಲ್ಲಿ, ಬಣ್ಣ ಎರಡೇ, ಪ್ರತಿ ಮನೆ ನೋಡುವುದು ತನ್ನನ್ನು ಮತ್ತು ಎಡಬಲದ ನೆರೆಯವರನ್ನು. ಮೂರು ಮನೆಗಳಿಗೆ 8 ಬಗೆಯ ಜೋಡಣೆ, ಒಂದೊಂದಕ್ಕೂ ಉತ್ತರ ಕಪ್ಪು ಇಲ್ಲವೇ ಬಿಳುಪು. ಹಾಗಾಗಿ ಒಟ್ಟು 256 ನಿಯಮಗಳು, 0ಯಿಂದ 255ರವರೆಗೆ ಅವಕ್ಕೆ ನಂಬರು.

ಅವುಗಳಲ್ಲಿ 30ನೆಯದು ವಿಚಿತ್ರ. ಮಕ್ಕಳ ಲೆಕ್ಕದ ಚೌಕಳಿ ಪುಸ್ತಕ ತೆಗೆದುಕೊಂಡು ನಾನೇ ಬಿಡಿಸಿದೆ, ನೀವೂ ಬಿಡಿಸಬಹುದು. ನಿಯಮ ಇಷ್ಟು: ಎಡದ ಮನೆಯ ಬಣ್ಣ ತೆಗೆದುಕೋ, ನೀನಾಗಲಿ ನಿನ್ನ ಬಲದವನಾಗಲಿ ಕಪ್ಪಿದ್ದರೆ ಆ ಬಣ್ಣವನ್ನು ತಿರುಗಿಸು, ಇಬ್ಬರೂ ಬಿಳಿ ಇದ್ದರೆ ಹಾಗೇ ಬಿಡು. ಮೇಲಿನ ಸಾಲಿನ ನಡುವೆ ಒಂದೇ ಕಪ್ಪು ಮನೆಯಿಂದ ಶುರು. ಕಪ್ಪನ್ನು 1, ಬಿಳುಪನ್ನು 0 ಎಂದರೆ ಎರಡನೆಯ ಸಾಲು 111. ಮೂರನೆಯದು 11001. ನಾಲ್ಕನೆಯದು 1101111. ಐದನೆಯದು 110010001. ಎಡಗಡೆ ಒಂದು ತೆರನ ಕಸೂತಿ ಮೂಡುತ್ತದೆ. ನಡುವೆ, ಬಲಗಡೆ ಮಾತ್ರ ಗೊಂದಲವೋ ಗೊಂದಲ. ಕೊಡಿಯಾಲದ ಮಗ್ಗದಲ್ಲಿ ಸಾಲಿನ ಮೇಲೆ ಸಾಲು ಬಿದ್ದು ಅಂಚು ಮೂಡುವುದನ್ನು ನೋಡಿದವರಿಗೆ ಇದು ಹೆಚ್ಚು ಬೆರಗು ಕೊಡುತ್ತದೆ. ಅಲ್ಲಿ ನಿಯಮ ಹಾಕಿದರೆ ಬಳ್ಳಿ ಬರುತ್ತದೆ, ಇಲ್ಲಿ ಅಷ್ಟೇ ಕಟ್ಟುನಿಟ್ಟಾದ ನಿಯಮ ಹಾಕಿದರೂ ಬಳ್ಳಿಯೇ ಮೂಡುವುದಿಲ್ಲ.

ನಟ್ಟನಡುವಿನ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದರೆ 1, 1, 0, 1, 1, 1, 0, 0 ಎಂದು ಸಾಗುತ್ತದೆ. ಇದು ಮುಂದೆ ಎಲ್ಲಾದರೂ ಮರುಕಳಿಸುತ್ತದೆಯೇ, ಸೊನ್ನೆ ಒಂದುಗಳು ಸರಾಸರಿ ಸಮಸಮ ಬರುತ್ತವೆಯೇ ಎಂಬುದನ್ನೆಲ್ಲ ಸಾಧಿಸಿ ತೋರಿಸಿದವರಿಗೆ ವೂಲ್‌ಫ್ರಮ್ 2019ರಲ್ಲಿ 30,000 ಡಾಲರ್ ಬಹುಮಾನ ಸಾರಿದ. ಐದನೇ ಕ್ಲಾಸಿನ ಮಗು ಬಿಡಿಸಬಲ್ಲ ಚಿತ್ರದ ಬಗ್ಗೆ ಗಣಿತ ಪಂಡಿತರಿಗೆ ಹಾಕಿದ ಸವಾಲು ಅದು.

ಈಗ ಬೀಗ ಹಾಕೋಣ. ಮಹಡಿ ಮನೆಯ ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಇರುತ್ತದಲ್ಲ, ಎರಡೂ ಒಂದೇ ಕಡೆ ಇದ್ದರೆ ದೀಪ ಆರಿರುತ್ತದೆ, ಬೇರೆಬೇರೆ ಕಡೆ ಇದ್ದರೆ ಉರಿಯುತ್ತದೆ. ಕಂಪ್ಯೂಟರಿನವರು ಅದನ್ನು ಎಕ್ಸಾರ್ ಅನ್ನುತ್ತಾರೆ. ಒಂದು ಪಿಕ್ಸೆಲ್ಲಿನ ಬೆಲೆ 150 ಎಂದಿಟ್ಟುಕೊಳ್ಳಿ, ಬಿಟ್‌ನಲ್ಲಿ 10010110. ನಮ್ಮ ನಡುಗಂಬದ ಮೊದಲ ಎಂಟು ಬಿಟ್ 11011100. ಒಂದರ ಕೆಳಗೊಂದು ಬರೆದು ಮೆಟ್ಟಿಲ ದೀಪದ ಲೆಕ್ಕ ಹಾಕಿದರೆ 01001010, ಅಂದರೆ 74. ಬೂದು ಬಣ್ಣದ ಪಿಕ್ಸೆಲ್ ಇನ್ನಷ್ಟು ಕಪ್ಪಾಗಿ ಕೂತಿತು. ಪಡೆದವರು ಅದೇ ಎಂಟು ಬಿಟ್ ಇಟ್ಟು ಇನ್ನೊಮ್ಮೆ ಅದೇ ಲೆಕ್ಕ ಹಾಕಿದರೆ 150 ತಾನಾಗಿ ಎದ್ದು ಬರುತ್ತದೆ. ನಿಜವಾದ ಬಳಕೆಯಲ್ಲಿ ಒಂದೇ ಕಪ್ಪು ಮನೆಯಿಂದ ಶುರು ಮಾಡುವುದಿಲ್ಲ, ನೂರಾರು ಮನೆಗಳ ಗುಟ್ಟಿನ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಆ ಮೊದಲ ಸಾಲೇ ಕೀಲಿ. ವೂಲ್‌ಫ್ರಮ್ 1985ರಲ್ಲಿ ಮುಂದಿಟ್ಟದ್ದು ಈ ಉಪಾಯವನ್ನೇ.

ಇನ್ನೊಂದು ದಾರಿ, ಚಿತ್ರವನ್ನೇ ಮನೆಗಳ ಹಾಸಾಗಿ ಮಾಡಿ ಅದರ ಮೇಲೆಯೇ ಆಟ ಓಡಿಸುವುದು. ಇಲ್ಲಿ ಆಟ ಹಿಂದಕ್ಕೂ ಬರಬೇಕು, ಇಲ್ಲವಾದರೆ ಚಿತ್ರ ಕಳೆದೇ ಹೋಗುತ್ತದೆ. ಎಡ್ವರ್ಡ್ ಫ್ರೆಡ್ಕಿನ್ ಅದಕ್ಕೊಂದು ಸೊಗಸಾದ ಉಪಾಯ ಹೇಳಿದ: ಹೊಸ ಸಾಲು ಬರೆಯುವಾಗ ಈಗಿನ ಸಾಲಿನ ನಿಯಮದ ಫಲಕ್ಕೆ ಹಿಂದಿನ ಸಾಲನ್ನೂ ಎಕ್ಸಾರ್ ಮಾಡಿಬಿಡು. ಆಗ ಯಾವ ನಿಯಮವಾದರೂ ಸರಿ, ಕೊನೆಯ ಎರಡು ಸಾಲು ಕೈಯಲ್ಲಿದ್ದರೆ ಒಂದೊಂದೇ ಹೆಜ್ಜೆ ಹಿಂದೆ ನಡೆದು ಮೊದಲಿಗೆ ಬರಬಹುದು.

ನಮ್ಮ ದೇಶದವರೂ ಇದರಲ್ಲಿ ಹಿಂದೆ ಬೀಳಲಿಲ್ಲ. ಐಐಟಿ ಖರಗಪುರದಲ್ಲಿ ಪರಿಮಳ್ ಪಾಲ್ ಚೌಧುರಿ ಮತ್ತು ಶಿಷ್ಯರು 1994ರಲ್ಲೇ ಗೂಢಲಿಪಿಗೆ ಇದನ್ನು ಬಳಸುವ ಪ್ರಬಂಧ ಪ್ರಕಟಿಸಿದರು, 1997ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ತಂದರು.

ಕನ್ನಡ ನೆಲಕ್ಕೆ ಚೌಕದಲ್ಲಿ ಗುಟ್ಟು ಇಡುವುದು ಹೊಸದೂ ಅಲ್ಲ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದು ಕರ್ಲಮಂಗಲಂ ಶ್ರೀಕಂಠಯ್ಯನವರ ದುಡಿಮೆಯಿಂದ 1953ರಲ್ಲಿ ಅಚ್ಚಾದ ಕುಮುದೇಂದುವಿನ 'ಸಿರಿಭೂವಲಯ'ದಲ್ಲಿ ಅಕ್ಷರವೇ ಇಲ್ಲ. 27 ಸಾಲು, 27 ಕಂಬಸಾಲುಗಳ ಚಕ್ರಗಳು, ಒಂದೊಂದರಲ್ಲಿ 729 ಮನೆ, ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿ. ಅಂಕಿಗೆ ಒಂದು ಧ್ವನಿ, ಓದುವ ದಾರಿಗೆ ಒಂದು ಬಂಧ. ಗ್ರಂಥದ ಕಾಲ ಮತ್ತು ಅದರ ಮೇಲೆ ಹೇರಿದ ಪವಾಡಗಳ ಬಗ್ಗೆ ವಿದ್ವಾಂಸರಲ್ಲಿ ಜಗಳ ಇನ್ನೂ ಇದೆ, ನಾನು ಆ ಪವಾಡಗಳ ಪರ ಅಲ್ಲ. ಆದರೆ ಬಂಧ ಗೊತ್ತಿದ್ದವನಿಗೆ ಪದ್ಯ, ಗೊತ್ತಿಲ್ಲದವನಿಗೆ ಅಂಕಿಯ ರಾಶಿ ಎಂಬ ಯೋಚನೆ ಗೂಢಲಿಪಿಯದೇ ಯೋಚನೆ.

ಮೇಲುಕೋಟೆಗೆ ಬನ್ನಿ. ಶ್ರೀರಂಗದ ಮೇಲೆ ದಾಳಿಯಾದಾಗ ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರು ಸತ್ಯಾಗಾಲ, ಮೇಲುಕೋಟೆಗಳಲ್ಲಿ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅವರ 'ಪಾದುಕಾ ಸಹಸ್ರ'ದ ಚಿತ್ರ ಪದ್ಧತಿಯಲ್ಲಿ ಚತುರಂಗ ತುರಂಗ ಬಂಧವಿದೆ. 32 ಅಕ್ಷರಗಳ ಒಂದು ಶ್ಲೋಕವನ್ನು ಅರ್ಧ ಚದುರಂಗದ 32 ಮನೆಗಳಲ್ಲಿ ತುಂಬಿ, ಚದುರಂಗದ ಕುದುರೆ ನೆಗೆಯುವ ಹಾಗೆ ಮನೆಯಿಂದ ಮನೆಗೆ ಹೋದರೆ ಮುಂದಿನ ಶ್ಲೋಕವೇ ಹೊರಬೀಳುತ್ತದೆ. ಕುದುರೆಯ ನಡೆಗೆ ಮರುಳಾದ ಇನ್ನೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಶ್ರೀರಂಗಪಟ್ಟಣದಲ್ಲೇ ಹುಟ್ಟಿದ ಅವರು ಕುದುರೆ ನಡೆಗೆ ಅಂಕಿ ಬರೆದು ಮಾಯಾಚೌಕ ಕಟ್ಟುವುದರಲ್ಲಿ ಮುಳುಗಿದ್ದ ದೊರೆ. ಚದುರಂಗದ ಜಗತ್ತಿನ ಇತಿಹಾಸ ಬರೆದವರು ಇಂದಿಗೂ ಅವರ ಹೆಸರು ಬಿಡುವುದಿಲ್ಲ.

ಇವೆಲ್ಲದರಲ್ಲೂ ಅಕ್ಷರವೋ ಅಂಕಿಯೋ ತನ್ನ ಜಾಗ ಬಿಟ್ಟು ಬೇರೆ ಜಾಗದಲ್ಲಿ ಕೂರುತ್ತದೆ, ಅದರ ಬೆಲೆ ಅದೇ. ಚಿತ್ರವನ್ನು ಬರೀ ಹೀಗೆ ಕಲಸಿದರೆ ಕಣ್ಣಿಗೆ ಮರೆಯಾದೀತು, ಆದರೆ ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬ ಲೆಕ್ಕ ಹಾಗೆಯೇ ಉಳಿದು ಗುಟ್ಟು ಬಿಟ್ಟುಕೊಡುತ್ತದೆ. ಮನೆಗಳ ಆಟ ಮನೆಯೊಳಗಿನ ಬೆಲೆಯನ್ನೂ ಬದಲಿಸುವುದರಿಂದ ಒಂದು ಹೆಜ್ಜೆ ಮುಂದೆ.

ಮುಂದಿನ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕಣ್ಣಿಗೆ ಕಾಣದ್ದೆಲ್ಲ ಗುಟ್ಟಲ್ಲ. 1991ರಲ್ಲಿ ವಿಲ್ಲಿ ಮೈಯರ್ ಮತ್ತು ಓಥ್ಮಾರ್ ಸ್ಟಾಫೆಲ್‌ಬಾಖ್ ಎಂಬ ಇಬ್ಬರು ಸ್ವಿಸ್ ಪಂಡಿತರು 30ನೇ ನಿಯಮದ ಬೀಗವನ್ನು ಬಿಚ್ಚಿದರು. ನಿಯಮವನ್ನು ಮತ್ತೆ ಓದಿ: ಹೊಸ ಬಣ್ಣವೆಂದರೆ ಎಡದವನ ಬಣ್ಣವನ್ನು ತಿರುಗಿಸಿದ್ದು ಅಥವಾ ಬಿಟ್ಟಿದ್ದು. ಹಾಗಾದರೆ ಅಕ್ಕಪಕ್ಕದ ಎರಡು ಕಂಬಸಾಲು ತಿಳಿದರೆ ಅವುಗಳ ಎಡದ ಕಂಬಸಾಲನ್ನು ಲೆಕ್ಕ ಹಾಕಿಯೇ ಬರೆಯಬಹುದು. ಅದು ಬಂದರೆ ಅದರ ಎಡದ್ದು, ಆಮೇಲೆ ಅದರ ಎಡದ್ದು. ಇಡೀ ಕೀಲಿಯನ್ನು ಊಹಿಸುವ ಕಷ್ಟವೇ ಇಲ್ಲ. ಖರಗಪುರದವರ ವಿಧಾನದಲ್ಲೂ 1997ರಲ್ಲಿ ಬ್ಲ್ಯಾಕ್‌ಬರ್ನ್, ಮರ್ಫಿ, ಪ್ಯಾಟರ್ಸನ್ ದೌರ್ಬಲ್ಯ ತೋರಿಸಿದರು. ಬರೀ ಎಕ್ಸಾರ್ ನಿಯಮಗಳಿಂದ, ಉದಾಹರಣೆಗೆ 90 ಅಥವಾ 150ರಿಂದ, ಕಟ್ಟಿದ ಬೀಗ ಹೈಸ್ಕೂಲಿನ ಏಕಕಾಲಿಕ ಸಮೀಕರಣದಂತೆ ಬಿಚ್ಚಿಕೊಳ್ಳುತ್ತದೆ. ಗೊತ್ತಿರುವ ಚಿತ್ರ ಮತ್ತು ಅದರ ಗೂಢರೂಪ ಸಾಕಷ್ಟು ಸಿಕ್ಕರೆ ಆಯಿತು.

ಅದಕ್ಕಿಂತ ಸುಲಭದ ಪೆಟ್ಟು ಇನ್ನೊಂದಿದೆ. ಬೀಗ ಹಾಕುವ ಯಂತ್ರಕ್ಕೆ ಪೂರ್ತಿ ಕಪ್ಪು ಚಿತ್ರವೊಂದನ್ನು ಕೊಡಿ. ಪ್ರತಿ ಪಿಕ್ಸೆಲ್ಲೂ 0. ಸೊನ್ನೆಯ ಜೊತೆ ಎಕ್ಸಾರ್ ಮಾಡಿದರೆ ಕೀಲಿಯಿಂದ ಹುಟ್ಟಿದ ಬಿಟ್ಟುಗಳ ಹೊಳೆಯೇ ಹಾಗೆ ಹಾಗೆಯೇ ಹೊರಗೆ ಬಂದು ಬೀಳುತ್ತದೆ. ಅದೇ ಕೀಲಿಯಲ್ಲಿ ಬೀಗ ಹಾಕಿದ ಬೇರೆಲ್ಲ ಚಿತ್ರಗಳೂ ಆಗ ಬಯಲು. ಒಂದೇ ಕೀಲಿಯ ಹೊಳೆಯನ್ನು ಎರಡು ಚಿತ್ರಕ್ಕೆ ಬಳಸಿದರೆ ಕಪ್ಪು ಚಿತ್ರವೂ ಬೇಡ, ಎರಡು ಗೂಢ ಚಿತ್ರಗಳನ್ನು ಒಂದಕ್ಕೊಂದು ಎಕ್ಸಾರ್ ಮಾಡಿದರೆ ಕೀಲಿ ಕಳಚಿ ಎರಡೂ ಚಿತ್ರಗಳ ನೆರಳು ಒಂದರ ಮೇಲೊಂದು ಮೂಡುತ್ತದೆ.

ಚಿತ್ರ ಗೂಢಲಿಪಿಯ ಪ್ರಬಂಧಗಳಲ್ಲಿ 99.6 ಎಂಬ ಒಂದು ಸಂಖ್ಯೆ ಪದೇ ಪದೇ ಬರುತ್ತದೆ. ಮೂಲ ಚಿತ್ರದ ಒಂದು ಪಿಕ್ಸೆಲ್ ಬದಲಿಸಿದರೆ ಗೂಢ ಚಿತ್ರದ ಶೇ 99.6ರಷ್ಟು ಪಿಕ್ಸೆಲ್ ಬದಲಾಗಬೇಕು ಎಂದು ಲೆಕ್ಕ. ಇದು ಎಲ್ಲಿಂದ ಬಂತೆಂದರೆ, ಗೊತ್ತುಗುರಿಯಿಲ್ಲದೆ ಬಣ್ಣ ತುಂಬಿದ, ಸಂಬಂಧವೇ ಇಲ್ಲದ ಎರಡು ಚಿತ್ರಗಳಲ್ಲಿ ಒಂದೇ ಜಾಗದ ಪಿಕ್ಸೆಲ್ಲುಗಳು ಸರಾಸರಿ 256ರಲ್ಲಿ ಒಂದು ಸಲ ಹೊಂದುತ್ತವೆ, ಉಳಿದ 255 ಸಲ ಹೊಂದುವುದಿಲ್ಲ. 255ನ್ನು 256ರಿಂದ ಭಾಗಿಸಿ ನೋಡಿ. ಈ ಸಂಖ್ಯೆ ಬರದಿದ್ದರೆ ಬೀಗ ಕೆಟ್ಟದ್ದು, ನಿಜ. ಬಂದ ಮಾತ್ರಕ್ಕೆ ಒಳ್ಳೆಯದಲ್ಲ. ಈ ಪರೀಕ್ಷೆ ಪಾಸಾದ ಎಷ್ಟೋ ವಿಧಾನಗಳನ್ನು ಆಮೇಲೆ ಬೇರೆಯವರು ಒಡೆದು ತೋರಿಸಿದ್ದಾರೆ.

ಹಾಗಾದರೆ ಮನೆಗಳ ಆಟಕ್ಕೆ ಗೂಢಲಿಪಿಯಲ್ಲಿ ಜಾಗವಿಲ್ಲವೇ? ಇದೆ, ಬಹಳ ಗೌರವದ ಜಾಗವೇ ಇದೆ. 2012ರಲ್ಲಿ ಜಾಗತಿಕ ಸ್ಪರ್ಧೆ ಗೆದ್ದು 2015ರಲ್ಲಿ ಅಮೆರಿಕದ ಮಾನಕವಾದ ಎಸ್‌ಎಚ್‌ಎ-3ರ ಹೊಟ್ಟೆಯಲ್ಲಿ ಐದೈದು ಮನೆಗಳ ಸಣ್ಣ ಸಣ್ಣ ಬಳೆಗಳಿವೆ. ಅವುಗಳ ನಿಯಮ: ಪಕ್ಕದ ಮನೆ ಖಾಲಿಯಿದ್ದು ಅದರಾಚೆಯ ಮನೆ ತುಂಬಿದ್ದರೆ ಮಾತ್ರ ನಾನು ಬದಲಾಗುತ್ತೇನೆ. ಎಇಎಸ್ ರಚಿಸಿದ ಇಬ್ಬರಲ್ಲಿ ಒಬ್ಬನಾದ ಯೋನ್ ಡಾಮನ್ ಇದನ್ನು 1995ರಷ್ಟು ಹಿಂದೆಯೇ ಅಭ್ಯಾಸ ಮಾಡಿದ್ದ. ಸಣ್ಣ ಚಿಪ್‌ಗಳಿಗೆಂದು 2023ರಲ್ಲಿ ಆಯ್ಕೆಯಾದ ಆಸ್ಕಾನ್ ಎಂಬ ಗೂಢಲಿಪಿಯಲ್ಲೂ ಅದೇ ಕುಲದ ನಿಯಮ. ಆದರೆ ಆ ನಿಯಮ ಅಲ್ಲಿ ಒಂಟಿಯಾಗಿಲ್ಲ. ಸುತ್ತ ಬೇರೆ ಕಲಸುವ ಹೆಜ್ಜೆಗಳಿವೆ, ವರ್ಷಗಟ್ಟಲೆ ಜಗತ್ತಿನ ಚಾಣಾಕ್ಷರು ಅದನ್ನು ಒಡೆಯಲು ನೋಡಿ ಸೋತಿದ್ದಾರೆ. ಎಸ್‌ಎಚ್‌ಎ-3 ಬೀಗವಲ್ಲ, ಕಡತದ ಬೆರಳಚ್ಚು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಈಗ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಆ ಚಿತ್ರಗಳಿಗೆ ಬೇಕಾದ್ದು ಮರೆಮಾಚುವುದಲ್ಲ, ಸರ್ವೆ ನಂಬರಿನ ಒಂದು ಅಂಕಿ ತಿದ್ದಿದರೂ ತಕ್ಷಣ ಸಿಕ್ಕಿಬೀಳುವ ಇಂಥ ಬೆರಳಚ್ಚು. ಆಸ್ಪತ್ರೆಯ ಸ್ಕ್ಯಾನಿಗೆ ಬೀಗವೂ ಬೇಕು, ಬೆರಳಚ್ಚೂ ಬೇಕು.

ನಮ್ಮ ಸುತ್ತಲೇ ಇದಕ್ಕೆ ಕೈಗಳಿವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಕಾಲೇಜು, ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಬಿಜಿಎಸ್ ತಾಂತ್ರಿಕ ಕಾಲೇಜು, ಅದರ ಮಗ್ಗುಲಲ್ಲೇ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನಾ ಸಂಸತ್ತು. ಅಲ್ಲಿನ ಸ್ಥಾಪಕ ನಿರ್ದೇಶಕ ಎಂ.ಎ. ಲಕ್ಷ್ಮೀತಾತಾಚಾರ್ಯರು ಸಂಸ್ಕೃತಕ್ಕೆ ಕಂಪ್ಯೂಟರ್ ಜೋಡಿಸಲು ಬಹಳ ಹಿಂದೆಯೇ ಹೊರಟವರು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಚಿತ್ರ ಗೂಢಲಿಪಿ ಹಳೆಯ ಪರಿಚಿತ ವಿಷಯ. ಆ ವಿಷಯ ಆರಿಸಿಕೊಳ್ಳುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಸಲೀಸಾಗಿ ಓಡುವ ಪ್ರೋಗ್ರಾಮ್, ಮರಳು ಮರಳಾಗಿ ಕಾಣುವ ಗೂಢ ಚಿತ್ರ, 99.6 ಎಂಬ ಸಂಖ್ಯೆ, ಇಷ್ಟಕ್ಕೇ ರಿಪೋರ್ಟು ಬೈಂಡ್ ಮಾಡಿಸಬೇಡಿ. ಕೀಲಿಯೊಂದನ್ನು ಬಿಟ್ಟು ನಿಮ್ಮ ವಿಧಾನವನ್ನೆಲ್ಲ ಪಕ್ಕದ ತಾಲ್ಲೂಕಿನ ಕಾಲೇಜಿನ ಗೆಳೆಯರ ಕೈಗೆ ಕೊಡಿ, ಒಡೆಯಲು ಒಂದು ತಿಂಗಳು ಬಿಡಿ. ಒಡೆದವರ ಹೆಸರನ್ನು ನಿಮ್ಮ ರಿಪೋರ್ಟಿನಲ್ಲಿ ಹಾಕಿ. ಅವರಿಗೆ ಕೊಡುವ ಮುಂಚೆ, ಇವತ್ತು ಸಂಜೆಯೇ, ನೀವು ಬರೆದ ಪ್ರೋಗ್ರಾಮಿಗೆ ಪೂರ್ತಿ ಕಪ್ಪು ಚಿತ್ರವೊಂದನ್ನು ಕೊಟ್ಟು ಏನು ಹೊರಬರುತ್ತದೆ ನೋಡಿ.